ಇಬ್ಬರು ಗೆಳೆಯರು, ಒಬ್ಬಳು ನಾಟಕದ ಹೆಂಡತಿ

ಈಗಲೂ ವರ್ಷಕ್ಕೆ ಒಬ್ಬಿಬ್ಬರು ಹುಡುಗಿಯರು ನನ್ನ ಮನೆ ಹುಡುಕಿಕೊಂಡು ಬರುತ್ತಾರೆ. ನಾಟಕದಲ್ಲಿ ಪಾರ್ಟು ಮಾಡಬೇಕು, ಏನು ಕಲಿಯಬೇಕು ಅಂತ ಕೇಳುತ್ತಾರೆ. ಹಾಡು, ಕುಣಿತ, ಮಾತು ಕಲಿಸುವವರು ಬೇರೆ ಇದ್ದಾರೆ. ನಾನು ಹೇಳುವುದು ಇಷ್ಟೇ. ಸೇಫ್ಟಿ ಪಿನ್ನಿಗೆ ಯಾರ ಮುಂದೂ ಕೈ ಚಾಚಬೇಡಿ, ನಿಮ್ಮದೇ ಒಂದು ಡಬ್ಬಿ ಇಟ್ಟುಕೊಳ್ಳಿ. ಬಣ್ಣ ಹಚ್ಚುವ ಮೊದಲೇ ಊಟ ಮಾಡಿ, ಆಮೇಲೆ ಹಾಕ್ತೀವಿ ಅನ್ನುವ ಊಟ ಬರುವುದಿಲ್ಲ. ಇನ್ನೊಂದು, ನಗೆನಾಟಕದಲ್ಲಿ ನೀವು ನಾಯಕಿಯಾದರೆ ನಾಯಕ ನಿಮ್ಮವನು ಅಂತ ತಿಳಿಯಬೇಡಿ. ಅವನು ಅವನ ಗೆಳೆಯನವನು.

ಮೊದಲಿನ ಎರಡಕ್ಕೆ ತಲೆಯಾಡಿಸುತ್ತಾರೆ, ಕಡೆಯದಕ್ಕೆ ನಗುತ್ತಾರೆ. ನಗುವಂಥದ್ದೇ. ಆದರೆ ಅದರಿಂದ ನಾನು ಒಂದು ದೊಡ್ಡ ತಪ್ಪು ಮಾಡಿದೆ. ಅದನ್ನು ಬರೆದಿಟ್ಟರೆ ಮುಂದೆ ಬರುವವರಿಗೆ ಉಪಯೋಗವಾದೀತು.

ಹೆತ್ತವರು ಇಟ್ಟ ಹೆಸರು ಪುಟ್ಟತಾಯಮ್ಮ. ಹುಟ್ಟಿದ್ದು ಚಿಕ್ಕನಾಯಕನಹಳ್ಳಿ. ಹಾರ್ಮೋನಿಯಂ ಬಾರಿಸುತ್ತ ನಾಟಕ ಕಲಿಸುತ್ತಿದ್ದ ರುದ್ರಯ್ಯ ಮೇಷ್ಟ್ರು, ಹ್ಯಾಂಡ್‌ಬಿಲ್ಲಿನಲ್ಲಿ ಆ ಹೆಸರು ಹಾಕಿದರೆ ಜನ ಸೂಲಗಿತ್ತಿ ಅಂದುಕೊಳ್ಳುತ್ತಾರೆ ಅಂತ ವಿಮಲಾ ಮಾಡಿದರು. ನಮ್ಮ ಕಡೆ ಊರಿನ ಗಂಡಸರೇ ಸೇರಿ ನಾಟಕ ಆಡುತ್ತಾರೆ. ಅಂಗಡಿಯವರು, ತೋಟದವರು, ಮೇಷ್ಟ್ರುಗಳು ಗಂಡು ಪಾರ್ಟುಗಳನ್ನು ತಮ್ಮಲ್ಲೇ ಹಂಚಿಕೊಂಡು ತಿಂಗಳುಗಟ್ಟಲೆ ತಾಲೀಮು ಮಾಡುತ್ತಾರೆ. ಹೆಣ್ಣು ಪಾರ್ಟಿಗೆ ಮಾತ್ರ ನಮ್ಮಂಥವರನ್ನು ಹೊರಗಿನಿಂದ ಕರೆಸುತ್ತಾರೆ. ನಾವು ಕಡೆಯ ಎರಡು ದಿನ ಹೋಗಿ, ಗಂಡ ಯಾರು ಅಂತ ಕೇಳಿ ತಿಳಿದುಕೊಂಡು, ಸಂಸಾರ ಶುರು ಮಾಡಬೇಕು.

ಹೀಗೆ ವಾರಕ್ಕೊಂದು ಊರು, ಊರಿಗೊಬ್ಬ ಗಂಡ ಆದಾಗ ಎಡವಟ್ಟು ಆಗದೇ ಇರುವುದಿಲ್ಲ. ಒಮ್ಮೆ ಕೆಂಕೆರೆಯಲ್ಲಿ ಪೌರಾಣಿಕ ನಾಟಕದ ರಾಣಿ ಪಾರ್ಟು ಮುಗಿಸಿ, ತಾಲೀಮಿಗೂ ಬಿಡುವಿಲ್ಲದೆ ಮಾರನೇ ದಿನವೇ ತುರುವೇಕೆರೆಯಲ್ಲಿ ಗುಮಾಸ್ತನ ಹೆಂಡತಿಯಾಗಿ ನಿಂತಿದ್ದೆ. ಹಾಲಿನವನು ಬಾಗಿಲಿಗೆ ಬಂದ. ಲೆಕ್ಕದಲ್ಲಿ ನಾನು 'ಇವತ್ತು ಅರ್ಧ ಲೀಟರ್ ಸಾಕಪ್ಪ' ಅನ್ನಬೇಕು. ನನ್ನ ಬಾಯಿಂದ 'ಎಲೈ ಅಧಮನೇ' ಅಂತ ಬಂತು. ಹಾಲಿನವನ ಪಾರ್ಟು ಮಾಡಿದ್ದ ಬ್ಯಾಂಕಿನ ಜವಾನ ನಿಜವಾಗಿಯೂ ಹೆದರಿ ಕ್ಯಾನು ಬಿಟ್ಟು ಓಡಿದ. ಜನ ಬಿದ್ದುಬಿದ್ದು ನಕ್ಕರು. ಮೇಷ್ಟ್ರು ಮಾತ್ರ ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ. ಬರೆದ ಮಾತಿಗಿಂತ ಒಂದಕ್ಷರ ಹೆಚ್ಚು ಹೇಳಿದರೂ ಅವರಿಗೆ ಹೊಟ್ಟೆನೋವು ಬರುತ್ತಿತ್ತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಮ್ಮ ಹಳ್ಳಿಯ ಸ್ಟೇಜಿನ ಮೇಲೆ ಗಂಡಹೆಂಡಿರು ಮುಟ್ಟಿಕೊಳ್ಳುವ ಹಾಗಿರಲಿಲ್ಲ. ಮುಂದಿನ ಸಾಲಿನಲ್ಲಿ ಹಿರಿಯರು ಕುಳಿತಿರುತ್ತಾರೆ. ನಾಯಕ ನನ್ನ ತೋಳು ಹಿಡಿದರೆ ಯಾರಾದರೂ ಕೆಮ್ಮುತ್ತಿದ್ದರು. ಭುಜದ ಮೇಲೆ ಕೈ ಇಟ್ಟರೆ ಎದ್ದು ಹೋಗುತ್ತಿದ್ದರು. ಅದೇ ನಾಯಕ ಗೆಳೆಯನನ್ನು ಅಪ್ಪಿಕೊಳ್ಳಬಹುದು, ಅವನ ತೊಡೆಯ ಮೇಲೆ ತಲೆ ಇಟ್ಟು ಅಳಬಹುದು, ಬಾಯಿಗೆ ತುತ್ತು ಇಡಬಹುದು, 'ನೀನಿಲ್ದೆ ನಾನು ಬದುಕಿರಲ್ಲ ಕಣೋ' ಅನ್ನಬಹುದು. ಯಾರೂ ಕೆಮ್ಮುವುದಿಲ್ಲ. ಹಾಗಾಗಿ ನಾಟಕ ಬರೆಯುವವರು ಪ್ರೀತಿಯ ಮಾತನ್ನೆಲ್ಲ ಗೆಳೆಯರಿಗೆ ಬರೆಯುತ್ತಿದ್ದರು. ನಮಗೆ ಉಳಿಯುತ್ತಿದ್ದದ್ದು ತರಕಾರಿ ಮತ್ತು ಅತ್ತೆ.

ಮೂರು ತಾಲೂಕಿನಲ್ಲಿ ಇಂಥ ಗೆಳೆಯರ ಜೋಡಿ ಹತ್ತಾರು ನೋಡಿದ್ದೇನೆ. ಬಹಳ ಜನಕ್ಕೆ ಅದು ಬರೀ ಪಾರ್ಟು. ಬಣ್ಣದ ಜೊತೆ ಅದನ್ನೂ ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿ, ಯಾರು ಜಾಸ್ತಿ ಚಪ್ಪಾಳೆ ಗಿಟ್ಟಿಸಿದ್ದು ಅಂತ ಜಗಳವಾಡುತ್ತ ಮನೆಗೆ ಹೋಗುತ್ತಿದ್ದರು. ಒರೆಸಿದರೂ ಹೋಗದೇ ಉಳಿದದ್ದು ತಿಪಟೂರಿನ ಒಂದು ಜೋಡಿಯಲ್ಲಿ.

ಒಬ್ಬ ಚಂದ್ರಣ್ಣ. ಕೊಬ್ಬರಿ ಮಂಡಿ ಇಟ್ಟಿದ್ದ ಶಿವಭಕ್ತರ ಮನೆಯವನು, ತಾಯಿಗೆ ಒಬ್ಬನೇ ಮಗ. ನೋಡೋಕೆ ಎತ್ತರ, ಮಾತಿನಲ್ಲಿ ಸಂಕೋಚ. ಇನ್ನೊಬ್ಬ ಖಾದರ್, ಪೇಟೆ ಬೀದಿಯ ಟೈಲರ್. ಚೂಪು ಮೀಸೆ, ಇನ್ನೂ ಚೂಪು ನಾಲಿಗೆ. ಊರಿನ ನಾಟಕ ಮಂಡಳಿಯ ಬಟ್ಟೆಗಳನ್ನೂ ಅವನೇ ಹೊಲಿಯುತ್ತಿದ್ದ. ಮೂರು ಜನ ತಂಗಿಯರ ಮದುವೆ ಮುಗಿಸಿ, ಅಷ್ಟರಲ್ಲಿ ನನಗೇ ವಯಸ್ಸಾಯ್ತು ಅಂತ ತನ್ನ ಮದುವೆಯಿಂದ ತಪ್ಪಿಸಿಕೊಂಡಿದ್ದ. ಚಂದ್ರಣ್ಣನ ತಾಯಿ ಗಂಗಮ್ಮನವರು ಮಗನಿಗೆ ಹೆಣ್ಣಿನ ಮಾತು ತೆಗೆದಾಗೆಲ್ಲ ಅವನು 'ಈ ನಾಟಕ ಒಂದು ಮುಗೀಲಿ ಅವ್ವ' ಅನ್ನುತ್ತಿದ್ದ. ಒಂದು ನಾಟಕ ಮುಗಿಯುವ ಮೊದಲೇ ಇನ್ನೊಂದರ ತಾಲೀಮು ಶುರು ಮಾಡಿಸುತ್ತಿದ್ದ.

ತಾಲೀಮು ನಡೆಯುತ್ತಿದ್ದದ್ದು ಅವನ ಗೋಡೌನಿನಲ್ಲಿ, ಮಧ್ಯಾಹ್ನ ಮಂಡಿಯ ಕೆಲಸ ಇಳಿದ ಮೇಲೆ. ತಲೆಯ ಮೇಲೆ ಅಟ್ಟದ ತುಂಬ ಕೊಬ್ಬರಿಯಾಗಲು ಇಟ್ಟ ಕಾಯಿ. ಕೆಳಗೆ ನಾವು. ರುದ್ರಯ್ಯ ಮೇಷ್ಟ್ರು ಆ ಇಬ್ಬರಿಗಾಗಿಯೇ ಒಂದು ನಗೆನಾಟಕ ಬರೆದಿದ್ದರು, 'ಮೂರನೇ ಲೋಟ' ಅಂತ. ಸುತ್ತಲ ಊರಿನವರೂ ಅದನ್ನು ಕರೆಸಿ ಆಡಿಸುತ್ತಿದ್ದರು. ಕಥೆ ಸುಲಭ. ಇಬ್ಬರು ಗುಮಾಸ್ತರು ಒಂದೇ ಕೋಣೆಯಲ್ಲಿ ಬಹಳ ವರ್ಷ ಇರುತ್ತಾರೆ. ಒಬ್ಬನಿಗೆ ಮದುವೆಯಾಗುತ್ತದೆ. ಹೆಂಡತಿ ಬಂದರೂ ಗೆಳೆಯ ಹೋಗುವುದಿಲ್ಲ, ದಿನಾ ಬೆಳಗ್ಗೆ ಕಾಫಿಗೆ ಹಾಜರು. ಹೆಂಡತಿ ಉಪಾಯ ಮಾಡಿ ಅವನನ್ನು ಓಡಿಸುತ್ತಾಳೆ. ಗಂಡ ಊಟ ಬಿಡುತ್ತಾನೆ, ಗಡ್ಡ ಬಿಡುತ್ತಾನೆ, ಗೆಳೆಯನ ಹಳೇ ಚಪ್ಪಲಿ ನೋಡಿ ಅಳುತ್ತಾನೆ. ಕಡೆಗೆ ಹೆಂಡತಿಯೇ ಸೋತು ಗೆಳೆಯನನ್ನು ಕರೆಸಿ ಮೂರನೇ ಲೋಟ ಇಡುತ್ತಾಳೆ. ಯೋಚಿಸಿ ನೋಡಿ, ವಿರಹವೂ ಅವರದ್ದೇ, ಮಿಲನವೂ ಅವರದ್ದೇ. ನನ್ನದು ಕಾಫಿ.

ಚಂದ್ರಣ್ಣ ಗಂಡ, ಖಾದರ್ ಗೆಳೆಯ. ಸ್ಟೇಜಿನ ಮೇಲೆ ಚಂದ್ರಣ್ಣ ನನ್ನ ಜೊತೆ ಮಾತಾಡುವಾಗ ಅವನ ಕಣ್ಣು ನನ್ನ ಕಿವಿಯ ಹಿಂದೆ ಎಲ್ಲೋ ಇರುತ್ತಿತ್ತು. ಅಲ್ಲಿ ಸೈಡ್‌ವಿಂಗಿನಲ್ಲಿ ಖಾದರ್ ತನ್ನ ಪ್ರವೇಶಕ್ಕೆ ಕಾಯುತ್ತ ನಿಂತಿರುತ್ತಿದ್ದ. ಅವನು ಒಳಗೆ ಬಂದ ಕೂಡಲೇ ಚಂದ್ರಣ್ಣನ ಮೈ ಸಡಿಲವಾಗುತ್ತಿತ್ತು, ಸಂಕೋಚ ಹೋಗುತ್ತಿತ್ತು. ನನ್ನ ಜೊತೆ ಇದ್ದಾಗ ಮೂರು ಸಲ ಹೇಳಿಕೊಡಬೇಕಾಗಿದ್ದ ಪ್ರಾಂಪ್ಟರು, ಅವರಿಬ್ಬರ ಸೀನು ಬಂದರೆ ಪುಸ್ತಕ ಮಡಿಚಿ ಬೀಡಿ ಸೇದೋಕೆ ಹೋಗುತ್ತಿದ್ದ.

ಆಗ ಸ್ಟೇಜಿಗೆ ಒಂದೇ ಮೈಕು, ಮೇಲಿನಿಂದ ತೂಗುಹಾಕಿರುತ್ತಿದ್ದರು. ಮಾತು ಕೇಳಿಸಬೇಕಾದರೆ ಅದರ ಕೆಳಗೆ ಒತ್ತಿಕೊಂಡು ನಿಲ್ಲಬೇಕು. ಅವರಿಬ್ಬರಿಗೆ ಅದು ವರವಾಗಿತ್ತು. ಮುಂದೆ ಕಾಲರಿಗೆ ಸಿಕ್ಕಿಸುವ ಮೈಕು ಬಂತು. ಇನ್ನು ಒತ್ತಿ ನಿಲ್ಲುವ ಅಗತ್ಯ ಇರಲಿಲ್ಲ. ಆದರೂ ಅವರು ಅಲ್ಲೇ ನಿಂತರು. ಎರಡು ಮೈಕು ಹತ್ತಿರ ಬಂದು ಕುಯ್ ಅಂತ ಕಿರುಚಿಕೊಂಡವು. ಸೌಂಡಿನ ಹುಡುಗ ಇಣುಕಿ, ಸ್ವಲ್ಪ ದೂರ ನಿಂತ್ಕೊಳಿ ಸಾರ್ ಅಂತ ಕೈಮುಗಿದ. ಅವರು ಒಂದು ಹೆಜ್ಜೆ ಸರಿದು, ಎರಡು ಮಾತಾಡಿ, ಮತ್ತೆ ಅಲ್ಲಿಗೇ ಬಂದರು.

ನನಗೆ ಇದು ಪಾರ್ಟಲ್ಲ ಅಂತ ಗೊತ್ತಾದದ್ದು ಖಾದರಿಗೆ ಜ್ವರ ಬಂದ ಸಲ. ಒಪ್ಪಿಕೊಂಡ ನಾಟಕ ಬಿಡೋಕಾಗದೆ ಒಬ್ಬ ಪೋಸ್ಟ್‌ಮ್ಯಾನನ್ನು ಗೆಳೆಯನ ಪಾರ್ಟಿಗೆ ಹಾಕಿದರು. ಒಳ್ಳೆಯ ನಟ, ಮಾತೆಲ್ಲ ಬಾಯಿಪಾಠ. ಚಂದ್ರಣ್ಣ ಅವನ ಹೆಗಲ ಮೇಲೆ ಕೈ ಇಟ್ಟದ್ದು ಒಲೆಯ ಮೇಲಿನ ಪಾತ್ರೆ ಇಳಿಸುವವನ ಹಾಗೆ. 'ನೀನಿಲ್ದೆ ಈ ಮನೆ ಮನೆ ಥರ ಇಲ್ಲ ಕಣೋ' ಅನ್ನುವ ಕಡೆಯ ಮಾತಿಗೆ ಬಂದಾಗ ಅವನ ಬಾಯೇ ಏಳಲಿಲ್ಲ. ಪ್ರಾಂಪ್ಟರು ಹೇಳಿದ, ಮೇಷ್ಟ್ರು ಹೇಳಿದರು, ಕಡೆಗೆ ಪರದೆ ಎಳೆಯುವವನೂ ಹೇಳಿದ. ಚಂದ್ರಣ್ಣ ಹೇಳಲಿಲ್ಲ. ಮೊದಲ ಸಾಲಿನವರಿಗೆ ಕೇಳಿಸುವಂತೆ 'ಅದು ಇವನಿಗಲ್ಲ' ಅಂದ. ಜನ ಇದೂ ತಮಾಷೆ ಅಂತ ನಕ್ಕರು. ನಾನು ಕಾಫಿ ಲೋಟ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಅವನ ಮುಖ ನೋಡಿದೆ. ನಗೆ ಬರಲಿಲ್ಲ.

ಆ ದಿನದಿಂದ ತಿಳಿಯಿತು, ಆದರೆ ಯಾರ ಹತ್ತಿರವೂ ಹೇಳಲಿಲ್ಲ. ನಮ್ಮ ಕಸುಬಿನಲ್ಲಿ ಗ್ರೀನ್ ರೂಮಿನಲ್ಲಿ ಕಂಡದ್ದು ಅಲ್ಲೇ ಇರಬೇಕು. ಹೀಗೆ ಬಾಯಿ ಕಟ್ಟಿಕೊಂಡಿದ್ದವಳು, ಎರಡು ವರ್ಷ ಕಳೆದ ಮೇಲೆ, ಸಾವಿರ ಜನರ ಮುಂದೆ ಹೇಳಿಬಿಟ್ಟೆ.

ಅದು ಅರಳಗುಪ್ಪೆಯಲ್ಲಿ. ಅದೇ ನಾಟಕ. ಶುರುವಾಗುವ ಮೊದಲು ಊರಿನ ಒಬ್ಬ ಹೆಂಗಸು ಗ್ರೀನ್ ರೂಮಿಗೆ ಇಣುಕಿದರು. ಚಂದ್ರಣ್ಣನನ್ನು ಹೊಗಳಿದರು, ಖಾದರನನ್ನು ಹೊಗಳಿದರು. ಆಮೇಲೆ ನನ್ನ ಕಡೆ ತಿರುಗಿ, ಬಹಳ ಪ್ರೀತಿಯಿಂದ, ನೀವು ಆ ಕಾಫಿ ತರೋ ಕೆಲಸದವಳು ಅಲ್ವಾ ಅಂತ ಕೇಳಿದರು. ಹದಿನಾರು ವರ್ಷದಿಂದ ನಾಯಕಿ ನಾನು. ಹ್ಯಾಂಡ್‌ಬಿಲ್ಲಿನಲ್ಲಿ ದಪ್ಪಕ್ಷರದಲ್ಲಿ ಹೆಸರು.

ಕಡೆಯ ಸೀನು ಬಂತು. ಚಂದ್ರಣ್ಣ ಖಾದರನ ಎರಡೂ ಕೈ ಹಿಡಿದು ಆ ಮಾತು ಹೇಳಿದ. ಜನ ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದರು. ನನ್ನ ಪಾಲಿನ ಮಾತು 'ಕಾಫಿ ಆರೋಗುತ್ತೆ' ಅಂತ ಒಂದೇ. ಅದರ ಬದಲು ಸೊಂಟಕ್ಕೆ ಕೈ ಕೊಟ್ಟು ಹೀಗೆಂದೆ: "ನೀವಿಬ್ರೂ ಮದ್ವೆ ಆಗ್ಬುಡಿ. ನಾನೇ ಸಾಕ್ಷಿ ಸೈನ್ ಹಾಕ್ತೀನಿ."

ಅಂಥ ನಗುವನ್ನು ನಾನು ಹಿಂದೆ ಕೇಳಿರಲಿಲ್ಲ, ಮುಂದೆಯೂ ಕೇಳಲಿಲ್ಲ. ಕುರ್ಚಿಗಳು ಬಿದ್ದವು. ಯಾರೋ ಟವೆಲ್ ಗಾಳಿಗೆ ಹಾರಿಸಿದರು. ನಾಟಕ ಮುಗಿಯಿತು ಅಂದುಕೊಂಡು ಪರದೆಯವನು ಹಗ್ಗ ಬಿಟ್ಟ. ಆ ಗಲಾಟೆಯ ನಡುವೆ ನಾನು ಹಿಗ್ಗಿ ಹೀರೇಕಾಯಿ ಆಗಿದ್ದೆ. ತಿರುಗಿ ನೋಡಿದರೆ ಚಂದ್ರಣ್ಣ ಖಾದರನ ಕೈಬಿಟ್ಟು ಎರಡು ಮಾರು ದೂರ ನಿಂತಿದ್ದ. ಖಾದರ್ ತನ್ನ ಖಾಲಿ ಕೈಗಳನ್ನು ಹಾಗೇ ಮುಂದೆ ಹಿಡಿದುಕೊಂಡಿದ್ದ.

ಮೇಷ್ಟ್ರು ಹಾರ್ಮೋನಿಯಂ ಮುಚ್ಚಿ ನನ್ನ ಹತ್ತಿರ ಬಂದರು. ಬೈಯುತ್ತಾರೆ ಅಂದುಕೊಂಡೆ, ಬೈಯಲಿಲ್ಲ. "ನಗು ಬಂತು ಅಂತ ಹಿಗ್ಗಬೇಡ ಕಣಮ್ಮ. ಅದು ಯಾರ ಮೈಮೇಲೆ ಬಿತ್ತು ನೋಡು" ಅಂದರು. ಆಗ ಗೊತ್ತಾಯಿತು, ಕಂಡವಳು ನಾನೊಬ್ಬಳೇ ಅಲ್ಲ ಅಂತ.

ನನಗೆ ಗೊತ್ತಿಲ್ಲದ ಇನ್ನೊಂದು ಸಂಗತಿ ಇತ್ತು. ಗಂಗಮ್ಮನವರು ಮಗನಿಗೆ ತಿಳಿಸದೆ ಒಂದು ಹೆಣ್ಣು ಗೊತ್ತುಮಾಡಿ, ಹುಡುಗನನ್ನು ದೂರದಿಂದ ನೋಡಿಕೊಳ್ಳಲಿ ಅಂತ ಹೆಣ್ಣಿನ ಕಡೆಯವರನ್ನು ಅದೇ ನಾಟಕಕ್ಕೆ ಕರೆಸಿದ್ದರು. ಅವರು ಎರಡನೇ ಸಾಲಿನಲ್ಲಿ ಕುಳಿತು ಎಲ್ಲರಿಗಿಂತ ಜೋರಾಗಿ ನಕ್ಕರಂತೆ. ವಾರ ಕಳೆದ ಮೇಲೆ ಜಾತಕ ಕೂಡಿಬರಲಿಲ್ಲ ಅಂತ ಹೇಳಿಕಳಿಸಿದರು. ಗಂಗಮ್ಮನವರು ಬಸ್ಸು ಹತ್ತಿ ನಮ್ಮ ಮನೆಗೇ ಬಂದರು. ನೀರು ಕೊಟ್ಟೆ, ಕುಡಿಯಲಿಲ್ಲ. ಸಾಕ್ಷಿ ಹಾಕ್ತೀನಿ ಅಂದವಳು ನೀನೇ ತಾನೇ, ಈಗ ಹೆಣ್ಣೂ ನೀನೇ ಹುಡುಕು ಅಂತ ಜಗಲಿಯ ಮೇಲೆ ಕೂತರು. ಕಡೆಯ ಬಸ್ಸಿನ ಹೊತ್ತಿಗೆ ನಮ್ಮ ಬೀದಿಯಲ್ಲಿದ್ದ ಎಲ್ಲ ಹುಡುಗಿಯರ ಗೋತ್ರ ವಿಚಾರಿಸಿ ಎದ್ದು ಹೋದರು.

ಅದನ್ನು ಈಗ ನಗುತ್ತ ಹೇಳುತ್ತಿದ್ದೇನೆ. ಮುಂದಾದದ್ದು ನಗುವಂಥದ್ದಲ್ಲ. ನನ್ನ ಮಾತು ಊರೂರು ತಿರುಗಿತು. ಸಂತೆ ದಿನ ಕೊಬ್ಬರಿ ತಂದ ರೈತರು ಮಂಡಿಯ ಬಾಗಿಲಲ್ಲಿ, 'ಸಾವ್ಕಾರ್ರೇ, ಸಾಕ್ಷಿ ಬೇಕಾದ್ರೆ ಹೇಳಿ' ಅನ್ನುತ್ತಿದ್ದರಂತೆ. ಚಂದ್ರಣ್ಣ ಪಾರ್ಟು ಮಾಡುವುದು ಬಿಟ್ಟ. ಗೋಡೌನಿನ ತಾಲೀಮು ನಿಂತಿತು. ಖಾದರನ ಅಂಗಡಿಯ ಮುಂದೆ ಹೋಗಬೇಕಾಗುತ್ತದೆ ಅಂತ ಬೇರೆ ಬೀದಿಯಲ್ಲಿ ಸುತ್ತಿಕೊಂಡು ಹೋಗುತ್ತಿದ್ದ. ಮಂಡಳಿಯವರು ಬೇರೆ ಜೋಡಿ ಹಾಕಿ ಅದೇ ನಾಟಕ ಆಡಿದರು. ಗೆಳೆಯರು ಅಪ್ಪಿಕೊಂಡಾಗ ಜನ ನೀರು ಕುಡಿಯೋಕೆ ಎದ್ದರು.

ಐದಾರು ತಿಂಗಳು ಮುಖ ತೋರಿಸದೆ ತಪ್ಪಿಸಿಕೊಂಡಿದ್ದು, ಕಡೆಗೊಂದು ದಿನ ಬಟ್ಟೆ ಹಿಡಿದುಕೊಂಡು ಖಾದರನ ಅಂಗಡಿಗೆ ಹೋದೆ. ಮಧ್ಯಾಹ್ನ, ಬೇರೆ ಯಾರೂ ಇರಲಿಲ್ಲ. ರವಿಕೆ ಹೊಲಿಯೋಕೆ ಕೊಟ್ಟೆ. ಅವನು ಅಳತೆ ಬರೆದುಕೊಂಡ. ತಪ್ಪಾಯ್ತು ಖಾದರಣ್ಣ, ಬಾಯಿತಪ್ಪಿ ಅಂದುಬಿಟ್ಟೆ ಅಂತ ಹೇಳಿದೆ. ಅವನು ಟೇಪನ್ನು ಕೊರಳಿಗೆ ಹಾಕಿಕೊಂಡು ಮೆಷಿನ್ನಿನ ಮುಂದೆ ಕೂತ. ತುಳಿಯಲಿಲ್ಲ.

"ತಪ್ಪು ಹೇಳಿದ್ರೆ ನಾನೂ ನಗ್ತಿದ್ದೆ ವಿಮಲಮ್ಮ" ಅಂದ. "ನೀವು ಸರಿಯಾಗಿ ಹೇಳ್ಬುಟ್ರಿ. ಅದೇ ಕಷ್ಟ ಆಗಿರೋದು."

ಅವನೇ ಮುಂದುವರಿಸಿದ. ಆ ನಾಟಕ ಇದ್ದಷ್ಟು ದಿನ ವಾರಕ್ಕೊಂದು ಸಂಜೆ ಚಂದ್ರಣ್ಣನ ಕೈ ಹಿಡಿಯೋಕೆ ಒಂದು ಜಾಗ ಇತ್ತು, ಜನವೇ ದುಡ್ಡು ಕೊಟ್ಟು ಕೂತು ನೋಡಿ ಖುಷಿಪಡುತ್ತಿದ್ದರು, ಈಗ ಅದೂ ಇಲ್ಲ ಅಂದ. ಬಹಳ ಮೆಲ್ಲಗೆ ಹೇಳಿದ. ಆಮೇಲೆ ಯಾರೋ ಪ್ಯಾಂಟು ಚಿಕ್ಕದು ಮಾಡಿಸೋಕೆ ಬಂದರು. ಅವನು ಎದ್ದು ಅವರ ಜೊತೆ ತಮಾಷೆ ಮಾಡೋಕೆ ಶುರುಮಾಡಿದ.

ಬಸ್ಸಿನಲ್ಲಿ ಬರುವಾಗ ಯೋಚನೆ ಮಾಡಿದೆ. ಊರಿನ ಬಾಯಿಗೆ ಬೀಗ ಹಾಕೋಕಾಗುವುದಿಲ್ಲ. ಆದರೆ ಅಗಿಯೋಕೆ ಬೇರೆ ಏನಾದರೂ ಕೊಡಬಹುದು. ಮೇಷ್ಟ್ರ ಮನೆಗೆ ಹೋಗಿ ನನ್ನ ಪಾರ್ಟನ್ನು ತಿದ್ದಿ ಬರೆಯಿರಿ ಅಂತ ಕೇಳಿದೆ. ಈ ಹೆಂಡತಿ ಅನುಮಾನದ ಪಿಶಾಚಿ ಆಗಲಿ. ಗೆಳೆಯನ ಮೇಲೆ ಅನುಮಾನ, ಹಾಲಿನವನ ಮೇಲೆ ಅನುಮಾನ, ಕಾಯಿ ಕೆಡವೋಕೆ ಬಂದವನ ಮೇಲೆ, ಪಕ್ಕದ ಮನೆ ಎಮ್ಮೆಯ ಮೇಲೆ, ಗಂಡ ಯಾವುದನ್ನು ಎರಡು ಸಲ ನೋಡಿದರೂ ಅನುಮಾನ. ಆಗ ಗೆಳೆಯರ ಮೇಲಿನ ಅನುಮಾನವೂ ಅವಳ ಹುಚ್ಚಿನಲ್ಲಿ ಒಂದಾಗುತ್ತದೆ. ನಗು ನನ್ನ ಮೇಲೆ ಬೀಳುತ್ತದೆ. ಬರೆದದ್ದರಲ್ಲಿ ಒಂದಕ್ಷರ ಬದಲಿಸೋಕೆ ಬಿಡದ ಮೇಷ್ಟ್ರು ಕನ್ನಡಕ ಒರೆಸಿಕೊಂಡು ಕಾಗದ ತೆಗೆದರು. ನೀನು ಇನ್ನು ನಾಯಕಿಯಾಗಿ ಉಳಿಯೋದಿಲ್ಲ, ಗೊತ್ತಿದೆ ತಾನೇ ಅಂತ ಕೇಳಿದರು. ಗೊತ್ತಿದೆ ಅಂದೆ. ಅರ್ಧ ಗೊತ್ತಿತ್ತು.

ಚಂದ್ರಣ್ಣನನ್ನು ಒಪ್ಪಿಸೋಕೆ ಮಂಡಿಗೆ ಹೋದೆ. ಆಳುಗಳು ಕೊಬ್ಬರಿ ಆರಿಸುತ್ತಿದ್ದರು. ನನ್ನನ್ನು ಕಂಡು ಇಬ್ಬರು ಮುಸಿಮುಸಿ ನಕ್ಕರು. ಅವನು ನನ್ನ ಮುಖ ನೋಡಲಿಲ್ಲ.

"ನಾನು ಅವ್ನ ಪಕ್ಕ ನಿಂತ್ರೆ ಜನ ನಗ್ತಾರೆ" ಅಂದ.

"ನಗ್ಲಿ ಬುಡಿ. ನನ್ನ ನೋಡಿ ನಗೋ ಹಂಗೆ ಮಾಡ್ತೀನಿ" ಅಂದೆ. ಏನು ಮಾಡುತ್ತೇನೆ ಅಂತ ವಿವರಿಸಿದೆ.

ಅವನು ಒಂದು ಉಂಡೆಕೊಬ್ಬರಿಯನ್ನು ಎತ್ತಿಕೊಂಡು ಕೈಯಲ್ಲಿ ತಿರುಗಿಸಿದ. ಆಮೇಲೆ ಕೇಳಿದ್ದು ಒಂದೇ. "ಖಾದರ ಒಪ್ಪಿದ್ನಾ?"

ತಿದ್ದಿದ ನಾಟಕದ ಮೊದಲ ಆಟ ಸಂಪಿಗೆಯಲ್ಲಿ ಆಯಿತು. ಜನ ಕಿಕ್ಕಿರಿದಿದ್ದರು. ನಾಟಕ ನೋಡೋಕಲ್ಲ, ಅವರಿಬ್ಬರನ್ನು ನೋಡೋಕೆ ಬಂದಿದ್ದರು ಅನ್ನುವುದು ಪರದೆಯ ಸಂದಿಯಿಂದಲೇ ಕಾಣುತ್ತಿತ್ತು. ಖಾದರ್ ಬಂದು ಚಂದ್ರಣ್ಣನ ಜುಬ್ಬದ ಕಾಲರು ಸರಿಮಾಡಿ ತನ್ನ ಸೈಡಿಗೆ ಹೋದ.

ನಾನು ಶುರುಮಾಡಿದೆ. ಹಾಲಿನವನನ್ನು ಅಡ್ಡಹಾಕಿ, ನಮ್ಮನೆಯವರಿಗೆ ಮಾತ್ರ ಹಾಲು ಇಷ್ಟು ಗಟ್ಟಿ ಯಾಕೆ ಕೊಡ್ತೀಯ ಅಂತ ಜಗ್ಗಾಡಿದೆ. ಎಮ್ಮೆ ಕೂಗಿದರೆ ಗಂಡನ ಮುಖ ನೋಡಿದೆ. ಗಂಡ ಕನ್ನಡಿ ನೋಡಿಕೊಂಡರೆ ಕನ್ನಡಿಯ ಹಿಂದೆ ಹೋಗಿ ಹುಡುಕಿದೆ. ಹತ್ತು ನಿಮಿಷದಲ್ಲಿ ಜನ ಅವರಿಬ್ಬರನ್ನು ಮರೆತು ನಾನು ಮುಂದೆ ಯಾರ ಮೇಲೆ ಬೀಳುತ್ತೇನೆ ಅಂತ ಕಾಯುತ್ತಿದ್ದರು. ಆದರೆ ಕಡೆಯ ಸೀನಿನಲ್ಲಿ ಚಂದ್ರಣ್ಣ ಕೈ ಚಾಚಿದಾಗ ಸದ್ದು ಅಡಗಿತು. ಆ ಸದ್ದಿಲ್ಲದ ಹೊತ್ತಿನಲ್ಲಿ ಹಿಂದಿನ ಗೋಡೆಯ ಮೇಲೆ ಕೂತಿದ್ದ ಒಬ್ಬ, 'ಸಾಕ್ಷಿ ಎಲ್ಲಿ ಕಣಮ್ಮಾ' ಅಂತ ಕೂಗಿದ.

ಚಂದ್ರಣ್ಣನ ಕೈ ಅರ್ಧದಲ್ಲೇ ನಿಂತಿತು. ಇದು ಪುಸ್ತಕದಲ್ಲಿ ಇರಲಿಲ್ಲ. ನಾನು ಲೋಟ ಹಿಡಿದುಕೊಂಡೇ ಸ್ಟೇಜಿನ ಅಂಚಿಗೆ ಹೋಗಿ, ಕೈಯನ್ನು ಹಣೆಗೆ ಅಡ್ಡ ಹಿಡಿದು ಗೋಡೆಯ ಕಡೆ ನೋಡಿದೆ.

"ಓಹೋ, ನೀನೂ ಬಂದ್ಯಾ? ದಿನಾ ಬೆಳಗ್ಗೆ ನಮ್ಮ ಕಿಟಕೀಲಿ ಶಿಳ್ಳೆ ಹೊಡ್ಯೋನು ನೀನೇನಾ? ನಮ್ಮನೆಯವರನ್ನ ಬುಟ್ಬುಡಪ್ಪಾ. ಸಂಸಾರಸ್ಥರು."

ಊರೇ ತಿರುಗಿ ಅವನನ್ನು ನೋಡಿತು. ಅವನು ಗೋಡೆಯಿಂದ ಇಳಿದು ಓಡಿದ. ಆ ನಗುವಿನ ನಡುವೆ ಚಂದ್ರಣ್ಣ ಖಾದರನ ಕೈ ಹಿಡಿದು, ಯಾರಿಗೂ ಕೇಳಿಸದ ಹಾಗೆ ತನ್ನ ಮಾತು ಹೇಳಿದ. ನನಗೆ ಕೇಳಿಸಿತು, ನಾನು ಹತ್ತಿರದಲ್ಲಿದ್ದೆ. ಗೋಡೆಯ ಮೇಲಿದ್ದವನನ್ನು ಸಂಪಿಗೆಯಲ್ಲಿ ಬಹಳ ವರ್ಷ ನನ್ನ ಸವತಿ ಅಂತಲೇ ಕರೆದರಂತೆ. ಪಾಪ, ಅವನಿಗೂ ನಾನು ಕ್ಷಮೆ ಕೇಳಬೇಕಿತ್ತು.

ಮೇಷ್ಟ್ರು ಹೇಳಿದ ಹಾಗೆಯೇ ಆಯಿತು. ಆಮೇಲೆ ಯಾವ ಮಂಡಳಿಯವರೂ ನನ್ನನ್ನು ನಾಯಕಿ ಪಾರ್ಟಿಗೆ ಕರೆಯಲಿಲ್ಲ. ಪೌರಾಣಿಕದ ರಾಣಿಯಾಗಿ ನಿಂತರೆ ಮೂಲೆಯಿಂದ ಯಾರೋ 'ಎಮ್ಮೆ ಎಲ್ಲಿ' ಅನ್ನುತ್ತಿದ್ದರು. ಬಸ್ಸಿನ ಕಂಡಕ್ಟರುಗಳು ಅನುಮಾನದಮ್ಮ ಅಂತ ಹೆಸರಿಟ್ಟರು. ಕೆಲವು ದಿನ ಕಣ್ಣೀರು ಹಾಕಿದೆ. ಆಮೇಲೆ ನೋಡಿದರೆ, ನನ್ನ ಜೊತೆಯ ನಾಯಕಿಯರು ನಲವತ್ತು ದಾಟಿ ಮನೆಗೆ ಹೋದರು, ಅನುಮಾನಕ್ಕೆ ವಯಸ್ಸಿಲ್ಲ ಅಂತ ನಾನು ಮಂಡಿನೋವು ಬರುವ ತನಕ ದುಡಿದೆ. ಅವರಿಬ್ಬರೂ ಇನ್ನೂ ಹನ್ನೆರಡು ವರ್ಷ ಜೊತೆಗೆ ಪಾರ್ಟು ಮಾಡಿದರು. ಗಂಗಮ್ಮನವರು ಅಂದು ಗೊತ್ತುಮಾಡಿದ್ದ ಹುಡುಗಿಗೆ ಹಾಸನದ ಕಡೆ ಮದುವೆಯಾಯಿತು. ಒಮ್ಮೆ ಗಂಡ ಮಕ್ಕಳ ಜೊತೆ ಬಂದು ನಾಟಕ ನೋಡಿ ನನ್ನ ಕೈಕುಲುಕಿ ಹೋದಳು.

ಗಂಗಮ್ಮನವರು ತೀರಿಕೊಂಡ ಮೇಲೆ ಖಾದರ್ ಚಂದ್ರಣ್ಣನ ಮನೆಗೆ ಬಂದ. ಅವನು ವಾಸವಿದ್ದ ಅಂಗಡಿಯ ಮಹಡಿ ಸೋರುತ್ತದೆ ಅನ್ನುವುದು ಹೊರಗಿನವರಿಗೆ ಹೇಳಿದ ಕಾರಣ. ಊರಿನಲ್ಲಿ ದೊಡ್ಡ ಚರ್ಚೆ ಎದ್ದಿತು. ನಾನು ಎದೆ ಹಿಡಿದುಕೊಂಡು ಕೇಳಿಸಿಕೊಂಡೆ. ಚರ್ಚೆಯೆಲ್ಲ ಅಡುಗೆಮನೆಯ ಬಗ್ಗೆ. ಸಾಬರು ಲಿಂಗಪೂಜೆಯ ಮನೆಯೊಳಗೆ ಬಂದರೆ ಪಾತ್ರೆ ಬೇರೆಯೋ ಒಂದೆಯೋ, ಮೊಟ್ಟೆ ಒಳಗೆ ಬರುತ್ತದೋ ಇಲ್ಲವೋ, ರಂಜಾನಿನಲ್ಲಿ ಏನು ಬೇಯುತ್ತದೆ. ಚಂದ್ರಣ್ಣನ ನೆಂಟರು ಎರಡು ಸಲ ಪಂಚಾಯ್ತಿ ಕೂತರು. ಖಾದರನ ತಂಗಿಯರೂ ಬಂದು ಹುಳಿಸಾರು ತಿಂದು ಸೊರಗಿಹೋಗ್ತೀಯ ಅಂತ ಅತ್ತರು. ಕಡೆಗೆ ಮೊಟ್ಟೆಯನ್ನು ಹಿತ್ತಲಿನ ಒಲೆಯಲ್ಲಿ ಬೇಯಿಸಬಹುದು ಅಂತ ತೀರ್ಮಾನವಾಗಿ ಎರಡೂ ಕಡೆಯವರು ನೆಮ್ಮದಿಯಾಗಿ ಮನೆಗೆ ಹೋದರು. ಅಡುಗೆಮನೆ ದಾಟಿ ಒಳಗೆ ಎಷ್ಟು ಕೋಣೆ ಇವೆ ಅಂತ ಯಾರೂ ಕೇಳಲಿಲ್ಲ.

ಈಗ ಇಬ್ಬರಿಗೂ ವಯಸ್ಸಾಗಿದೆ. ಈಚೆಗೆ ಕಾಲೇಜಿನ ಒಂದು ಹುಡುಗಿ, ಸಿಂಚನ ಅಂತ, 'ಮೂರನೇ ಲೋಟ'ವನ್ನು ತನ್ನ ಗೆಳತಿಯರ ಜೊತೆ ಆಡಿಸುತ್ತೇನೆ ಅಂತ ನನ್ನ ಮನೆಗೆ ಬಂದಳು. ಫೋನನ್ನು ನನ್ನ ಮುಂದೆ ಇಟ್ಟು, ಅಕ್ಕ, ಅವರಿಬ್ಬರ ಮಧ್ಯೆ ಏನಿತ್ತು ಅಂತ ಕೇಳಿದಳು. ಅರ್ಧ ಅಡಿ ಇತ್ತಮ್ಮ, ಮೈಕು ಕುಯ್ ಅಂದರೆ ಒಂದಡಿ ಅಂದೆ. ಅವಳು ನಕ್ಕಳು. ಆದರೆ ಬಿಡುವವಳಲ್ಲ ಅಂತ ಕಣ್ಣಲ್ಲೇ ಕಾಣುತ್ತಿತ್ತು. ಮುಂದಿನದನ್ನು ಅವರನ್ನೇ ಕೇಳು ಅಂದೆ.

ಅವಳು ಕೇಳಿದ್ದು ಕಾಲೇಜಿನ ಸಭಾಂಗಣದಲ್ಲಿ. ಮಧ್ಯಾಹ್ನದ ಆಟ ಮುಗಿದ ಮೇಲೆ ನಮ್ಮ ಮೂವರನ್ನೂ ಸ್ಟೇಜಿಗೆ ಕರೆದು ಶಾಲು ಹೊದಿಸಿದರು. ಪ್ರಿನ್ಸಿಪಾಲರು ಪಕ್ಕದಲ್ಲಿ ನಿಂತಿದ್ದರು. ಹುಡುಗ ಹುಡುಗಿಯರು ಫೋನು ಹಿಡಿದಿದ್ದರು. ಸಿಂಚನ ಮೈಕು ತೆಗೆದುಕೊಂಡು, ನಿಮ್ಮಿಬ್ಬರ ಸಂಬಂಧದ ಬಗ್ಗೆ ಎರಡು ಮಾತು ಹೇಳಿ ಸಾರ್ ಅಂದಳು. ಬಹಳ ಮರ್ಯಾದೆಯಿಂದಲೇ ಕೇಳಿದಳು.

ನನ್ನ ನಾಲಿಗೆಯ ತುದಿಗೆ ಒಂದು ತಮಾಷೆ ಬಂದಾಗಿತ್ತು. ಸಭೆಯನ್ನು ನನ್ನ ಕಡೆ ಎಳೆದುಕೊಳ್ಳೋಕೆ ಒಂದು ಹೆಜ್ಜೆ ಮುಂದೆ ಇಟ್ಟೆ. ಖಾದರ್ ನನ್ನ ಶಾಲಿನ ಅಂಚು ಹಿಡಿದು ನಿಲ್ಲಿಸಿದ. ಚಂದ್ರಣ್ಣ ಮೈಕು ತೆಗೆದುಕೊಂಡ. ಬರೆದುಕೊಟ್ಟದ್ದನ್ನು ಬಿಟ್ಟು ಸಭೆಯಲ್ಲಿ ಒಂದು ಮಾತೂ ಆಡಿದವನಲ್ಲ.

"ನಾಟಕದಲ್ಲಿ ಗೆಳೆಯ ಅಂತ ಬರ್ದಿದ್ರು" ಅಂದ. "ಅದು ಸಾಲ್ತಿರ್ಲಿಲ್ಲ. ಬೇರೆ ಪದ ನಂಗೆ ಬರಲ್ಲ. ಜೊತೇಲಿದ್ದೀವಿ" ಅಂದು ಮೈಕು ವಾಪಸ್ಸು ಕೊಟ್ಟ.

ಯಾರೂ ನಗಲಿಲ್ಲ. ಒಂದು ಫೋನೂ ಅಲ್ಲಾಡಲಿಲ್ಲ. ಹಿಂದಿನ ಸಾಲಿನಲ್ಲಿ ಒಬ್ಬ ಹುಡುಗ ತಲೆ ತಗ್ಗಿಸಿ ಕಣ್ಣೊರೆಸಿಕೊಂಡದ್ದು ನನಗೆ ಕಂಡಿತು. ಅವನು ಯಾರೋ ಗೊತ್ತಿಲ್ಲ. ಪ್ರಿನ್ಸಿಪಾಲರು ಗಡಬಡಿಸಿ ಈಗ ವಂದನಾರ್ಪಣೆ ಅಂದರು. ವಂದನೆ ಹೇಳಲು ಬಂದ ಹುಡುಗಿ ಗಾಬರಿಯಲ್ಲಿ ಕುರ್ಚಿ ಹಾಕಿದವರಿಗೆ ಎರಡು ಸಲ ವಂದನೆ ಹೇಳಿದಳು.

ಹೊರಗೆ ಬಿಸಿಲು ಇಳಿದಿತ್ತು. ಮೂವರೂ ಗೇಟಿನ ತನಕ ಮೆಲ್ಲಗೆ ನಡೆದೆವು. ಚಂದ್ರಣ್ಣ ಶಾಲನ್ನು ಮಡಿಚಿ ಕಂಕುಳಲ್ಲಿ ಇಟ್ಟುಕೊಂಡು, ಮಂಕಾಗಿದ್ದ.

"ಜಾಸ್ತಿ ಹೇಳ್ಬುಟ್ನೇನ್ಲಾ?" ಅಂತ ಖಾದರನನ್ನು ಕೇಳಿದ.

"ಜಾಸ್ತಿ ಏನಿಲ್ಲ. ಮಾತು ಎತ್ತೋದು ಮೂವತ್ತು ವರ್ಷ ತಡ ಮಾಡ್ದೆ ಕಣ್ಲಾ, ಅಷ್ಟೇ" ಅಂದ ಖಾದರ್. "ನಡಿ, ಆಟೋ ಹೋದಾತು."